ಈಚಲು ಮರದಿಂದ ಕ್ವಾರ್ಟರ್ ಬಾಟಲಿಗೆ

ಆನ್‌ಸೈಟ್‌ಗೆ ಹೋಗಿ ಬಂದವರ ಬಾಯಲ್ಲಿ ಒಂದು ಮಾತು ಯಾವಾಗಲೂ ಇರುತ್ತೆ. "ಜರ್ಮನಿಯಲ್ಲಿ ಊಟಕ್ಕೂ ಬಿಯರ್, ತಿಂಡಿಗೂ ಬಿಯರ್ ಗುರು. ಆದ್ರೂ ಎಲ್ಲ ನೆಟ್ಟಗೆ ನಡ್ಕೊಂಡು ಮನೆಗೆ ಹೋಗ್ತಾರೆ. ನಮ್ಮೋರಿಗೆ ಕುಡಿಯೋಕೇ ಬರಲ್ಲ." ಕೇಳಿಸಿಕೊಂಡವರೆಲ್ಲ ತಲೆಯಾಡಿಸ್ತಾರೆ. ಊರಲ್ಲಿ ಸಂತೆ ದಿನ ಸಾಯಂಕಾಲ ಏನಾಗುತ್ತೆ ಅಂತ ನೋಡಿರೋರಿಗೆ ಇದು ಪೂರ್ತಿ ಸುಳ್ಳು ಅಂತ ಹೇಳೋಕೂ ಆಗಲ್ಲ. ಆದರೆ ಯಾಕೆ ಹೀಗಾಯ್ತು ಅಂತ ಕೇಳಿದರೆ ಉತ್ತರ "ನಮ್ಮ ಕಲ್ಚರ್ರೇ ಹಂಗೆ" ಅನ್ನೋದಕ್ಕೆ ಬಂದು ನಿಂತುಬಿಡುತ್ತೆ. ಅದು ಉತ್ತರ ಅಲ್ಲ, ಪ್ರಶ್ನೆ ತಪ್ಪಿಸಿಕೊಳ್ಳೋ ದಾರಿ.

ಮೊದಲು ಲೆಕ್ಕ ನೋಡೋಣ. ವಿಶ್ವ ಆರೋಗ್ಯ ಸಂಸ್ಥೆ ಬಿಯರ್, ವೈನ್, ವಿಸ್ಕಿ ಎಲ್ಲವನ್ನೂ ಶುದ್ಧ ಆಲ್ಕೋಹಾಲ್‌ಗೆ ಇಳಿಸಿ, 15 ವರ್ಷ ದಾಟಿದ ಪ್ರತಿ ತಲೆಗೆ ವರ್ಷಕ್ಕೆ ಎಷ್ಟು ಲೀಟರ್ ಅಂತ ಲೆಕ್ಕ ಹಾಕುತ್ತೆ. 2016ರ ಅಂಕಿಗಳ ಪ್ರಕಾರ ಜರ್ಮನಿ ಸುಮಾರು 13 ಲೀಟರ್, ಫ್ರಾನ್ಸ್ ಸುಮಾರು 12.5, ದಕ್ಷಿಣ ಕೊರಿಯಾ ಸುಮಾರು 10, ಜಗತ್ತಿನ ಸರಾಸರಿ 6.4, ಭಾರತ 5.7. ಅಂದರೆ ನಾವು ಜರ್ಮನಿಯವರ ಅರ್ಧದಷ್ಟೂ ಕುಡಿಯಲ್ಲ. ನಮ್ಮಲ್ಲಿ ಬಹಳಷ್ಟು ಜನ ಮುಟ್ಟೋದೇ ಇಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಗಂಡಸರಲ್ಲಿ ನೂರಕ್ಕೆ 16-17 ಜನ, ಹೆಂಗಸರಲ್ಲಿ ನೂರಕ್ಕೆ ಒಬ್ಬರು ಮಾತ್ರ ಕುಡೀತೀವಿ ಅಂತ ಹೇಳಿದ್ದಾರೆ.

ಆದರೆ ಇನ್ನೊಂದು ಅಂಕಿ ಇದೆ. ನಿಜವಾದ ಕತೆ ಇರೋದು ಅಲ್ಲಿ. ಜರ್ಮನಿಯವರ ಹೊಟ್ಟೆಗೆ ಹೋಗೋ ಆಲ್ಕೋಹಾಲ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಬಿಯರ್. ಫ್ರೆಂಚರಲ್ಲಿ ಅರ್ಧಕ್ಕಿಂತ ಹೆಚ್ಚು ವೈನ್. ಭಾರತದಲ್ಲಿ ಸರ್ಕಾರದ ಲೆಕ್ಕಕ್ಕೆ ಸಿಗೋ ಆಲ್ಕೋಹಾಲ್‌ನಲ್ಲಿ ಹತ್ತಕ್ಕೆ ಒಂಬತ್ತು ಪಾಲು ಬಟ್ಟಿ ಇಳಿಸಿದ್ದು. ನಾವು ಹಾಟ್ ಡ್ರಿಂಕ್ಸ್ ಅಂತೀವಲ್ಲ, ಅದು. ಕುಡಿಯೋರು ಕಡಿಮೆ, ಆದರೆ ಕುಡಿಯೋದು ಗಟ್ಟಿ ಸರಕು. ಈ ಅಭ್ಯಾಸ ನಮ್ಮ ರಕ್ತದಲ್ಲಿ ಬಂದದ್ದಲ್ಲ. ಯಾರು ಯಾವಾಗ ಹೇಗೆ ತಂದರು ಅನ್ನೋದನ್ನು ಪಾಂಡವಪುರ, ಶ್ರೀರಂಗಪಟ್ಟಣ, ಮಂಡ್ಯದ ಸುತ್ತ ಓಡಾಡಿಕೊಂಡೇ ಹೇಳಬಹುದು.

ಕ್ಯಾತನಹಳ್ಳಿಯಂಥ ನಮ್ಮ ಊರುಗಳಲ್ಲಿ ಹಳಬರು ಕುಡೀತಿದ್ದದ್ದು ಹೆಂಡ. ಈಚಲು ಮರದ ತಲೆಯಲ್ಲಿ ಕೆತ್ತಿ, ಮಡಕೆ ಕಟ್ಟಿ, ರಾತ್ರಿಯೆಲ್ಲ ಜಿನುಗಿದ ರಸವನ್ನು ಬೆಳಿಗ್ಗೆ ಇಳಿಸೋದು. ತಕ್ಷಣ ಕುಡಿದರೆ ಸಿಹಿ ನೀರಾ. ಬಿಸಿಲೇರಿದ ಹಾಗೆ ತಾನೇ ಹುದುಗಿ ಹೆಂಡ. ಒಂದೆರಡು ದಿನ ಬಿಟ್ಟರೆ ಹುಳಿ ಹಿಡಿದು ಯಾರಿಗೂ ಬೇಡ. ಇದರಲ್ಲಿ ಆಲ್ಕೋಹಾಲ್ ನೂರಕ್ಕೆ ಸುಮಾರು 4-5 ಪಾಲು, ಹೆಚ್ಚು ಕಡಿಮೆ ಬಿಯರಿನಷ್ಟೇ. ಮರ ಇಳಿಸೋದು ಈಡಿಗರ ಕಸುಬು. ಕುಡಿಯೋದು ಗೇಯ್ದು ಬಂದವರ ಪಾಡು. 1930ರ ದಶಕದಲ್ಲಿ ಜಿ.ಪಿ. ರಾಜರತ್ನಂ, ಸ್ವತಃ ಕುಡಿಯದವರು, ರತ್ನನ ಪದಗಳಿಗೆ ಒಬ್ಬ ಕುಡುಕನನ್ನು ನಾಯಕ ಮಾಡಿಕೊಂಡಾಗ ಅವನ ಕೈಗೆ ಕೊಟ್ಟದ್ದು ಹೆಂಡದ ಬುಂಡೆಯನ್ನೇ. ಓದುಗರಿಗೆ ವಿವರಿಸೋ ಅಗತ್ಯವೇ ಇರಲಿಲ್ಲ.

ಹೆಂಡದ ಕಾಲ ಸ್ವರ್ಗ ಅಂತ ನಾನು ಹೇಳ್ತಿಲ್ಲ. ಆವಾಗಲೂ ಕೂಲಿ ದುಡ್ಡು ಹೆಂಡದಂಗಡಿ ಸೇರ್ತಿತ್ತು, ಹೆಂಡತಿ ಮಕ್ಕಳು ಏಟು ತಿಂತಿದ್ದರು. ಆದರೆ ಒಂದು ಸಣ್ಣ ಲೆಕ್ಕ ಹಾಕಿ. ಇವತ್ತಿನ 180 ಎಂಎಲ್ ಕ್ವಾರ್ಟರಿನಲ್ಲಿ ಆಲ್ಕೋಹಾಲ್ ನೂರಕ್ಕೆ 42.8 ಪಾಲು, ಅಂದರೆ ಸುಮಾರು 77 ಎಂಎಲ್. ಅಷ್ಟೇ ಆಲ್ಕೋಹಾಲ್ ಹೆಂಡದಿಂದ ಸಿಗಬೇಕು ಅಂದರೆ ಒಂದೂವರೆ ಲೀಟರ್ ಕುಡೀಬೇಕು. ಒಂದೂವರೆ ಲೀಟರ್ ಕುಡಿಯೋಕೆ ಕೂತ್ಕೋಬೇಕು, ಹೊತ್ತು ಬೇಕು, ಹೊಟ್ಟೆಯಲ್ಲಿ ಜಾಗ ಬೇಕು. ಕ್ವಾರ್ಟರನ್ನು ಅಂಗಡಿ ಪಕ್ಕ ನಿಂತು, ಒಂದು ಪ್ಯಾಕೆಟ್ ನೀರು ಬೆರೆಸಿ, ಐದು ನಿಮಿಷದಲ್ಲಿ ಮುಗಿಸಬಹುದು.

ಹಾಗಾದರೆ ಹೆಂಡ ಹೋಗಿದ್ದೆಲ್ಲಿಗೆ?

ನಿಷೇಧದ ಪ್ರಯತ್ನ ನಮ್ಮ ಸೀಮೆಗೆ ಹೊಸದಲ್ಲ. ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣದಿಂದ ಆಳುವಾಗಲೇ ಮದ್ಯಕ್ಕೆ ನಿಷೇಧ ಹಾಕಿದ್ದ. ಅವನ ಜೊತೆಗಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದದ್ದು ಹಿರೋಡೆಯ ಬಂಡೆಗಳ ಹತ್ತಿರ. ಅದಕ್ಕೇ ಇಂಗ್ಲಿಷರು ಆ ಊರನ್ನು ಫ್ರೆಂಚ್ ರಾಕ್ಸ್ ಅಂದರು. ಅದೇ ಇವತ್ತಿನ ಪಾಂಡವಪುರ. 1799ರಲ್ಲಿ ಟಿಪ್ಪು ಸತ್ತ ಮೇಲೆ ಕೋಟೆಗೆ ಬಂದ ಕಂಪನಿ ದಂಡಿನ ಕತೆ ಬೇರೆ. ಕಂಪನಿಯ ಗೋರಾ ಸಿಪಾಯಿಗೆ ದಿನದ ಪಡಿಯಲ್ಲೇ ಸಾರಾಯಿ ಸಿಗುತ್ತಿತ್ತು.

ಬ್ರಿಟಿಷರ ಕಾಲದ ಆಡಳಿತ ಕುಡಿತವನ್ನು ನೋಡಿದ್ದು ಪಾಪ ಪುಣ್ಯದ ಕಣ್ಣಿನಿಂದಲ್ಲ, ಅಬಕಾರಿಯ ಕಣ್ಣಿನಿಂದ. ಅಬಕಾರಿ ಅಂದರೆ ಮದ್ಯದ ಮೇಲಿನ ಸುಂಕ. ಆ ಕಣ್ಣಿಗೆ ಹೆಂಡ ದೊಡ್ಡ ತಲೆನೋವು. ಮರ ಹಳ್ಳ, ಬೀಳು, ಕೆರೆ ಹಿಂದೆ ಎಲ್ಲೆಲ್ಲೋ ಇರುತ್ತೆ. ಇಳಿಸಿದ್ದು ಅವತ್ತೇ ಖಾಲಿಯಾಗುತ್ತೆ. ದಾಸ್ತಾನು ಇಲ್ಲ, ಸೀಲು ಇಲ್ಲ, ಬ್ಯಾಚ್ ನಂಬರ್ ಇಲ್ಲ. ಅದಕ್ಕೆ ಮರಕ್ಕೆ ಗುರುತು ಹಾಕಿ, ಅಂಗಡಿಗಳನ್ನು ಹರಾಜು ಕೂಗಿ, ಗುತ್ತಿಗೆದಾರನಿಂದ ಒಟ್ಟಿಗೆ ದುಡ್ಡು ವಸೂಲಿ ಮಾಡೋ ಪದ್ಧತಿ ಬಂತು. ಸಾರಾಯಿ ಹಾಗಲ್ಲ. ಒಂದೇ ಕಡೆ ಬಟ್ಟಿ, ಒಂದೇ ಬಾಗಿಲು, ಬಾಗಿಲಲ್ಲಿ ಒಬ್ಬ ಗುಮಾಸ್ತ. ಅಳೆಯೋಕೆ ಸುಲಭ, ಕೆಡೋದಿಲ್ಲ, ಗಾಡಿಯಲ್ಲಿ ಎಲ್ಲಿಗೆ ಬೇಕಾದರೂ ಹೋಗುತ್ತೆ. ಲೆಕ್ಕಕ್ಕೆ ಸಿಗೋದನ್ನು ಸರ್ಕಾರ ಇಷ್ಟಪಡುತ್ತೆ.

ಇದು ಮೈಸೂರಿನ ಕತೆ ಮಾತ್ರ ಅಲ್ಲ. ಕೊರಿಯನ್ ಸೀರಿಯಲ್‌ಗಳಲ್ಲಿ ಹಸಿರು ಬಾಟಲಿಯ ಸೋಜು ನೋಡಿ ಅದೇ ಅವರ ಪ್ರಾಚೀನ ಪಾನೀಯ ಅಂದುಕೊಂಡಿರ್ತೀವಿ. ಅಲ್ಲಿನ ಮನೆಮನೆಯಲ್ಲಿ ಅಕ್ಕಿಯಿಂದ ಮಾಡ್ತಿದ್ದದ್ದು ಮಕ್ಕೋಲಿ, ನಮ್ಮ ಹೆಂಡದ ಹಾಗೇ ಬೆಳ್ಳಗೆ, ಕಡಿಮೆ ಖಾರ. 1909ರಲ್ಲಿ ಮದ್ಯ ಸುಂಕದ ಕಾನೂನು ಬಂತು, ಜಪಾನೀ ಆಳ್ವಿಕೆ 1934ರಲ್ಲಿ ಮನೆಯಲ್ಲಿ ಮಾಡೋದನ್ನೇ ಪೂರ್ತಿ ನಿಲ್ಲಿಸಿತು. ಸ್ವಾತಂತ್ರ್ಯ ಬಂದ ಮೇಲೆ, 1965ರಲ್ಲಿ, ಅಕ್ಕಿ ಉಳಿಸಬೇಕು ಅಂತ ಅವರದೇ ಸರ್ಕಾರ ಮದ್ಯಕ್ಕೆ ಅಕ್ಕಿ ಬಳಸೋದನ್ನು ನಿಷೇಧಿಸಿತು. ಆಗ ಗೆಣಸು, ಮರಗೆಣಸಿನಂಥ ಅಗ್ಗದ ಸರಕಿನಿಂದ ಕಾರ್ಖಾನೆಯಲ್ಲಿ ಸ್ಪಿರಿಟ್ ಮಾಡಿ, ನೀರು ಬೆರೆಸಿ ಮಾರುವ ಸೋಜು ಗೆದ್ದಿತು. ಅಲ್ಲಿನ ಅಭ್ಯಾಸವನ್ನೂ ಸುಂಕ ಮತ್ತು ಬೆಳೆ ಎರಡೂ ಸೇರಿ ತಿದ್ದಿದವು.

ನಮ್ಮ ಬೆಳೆ ಕಬ್ಬು. 1847ರಲ್ಲೇ ಶ್ರೀರಂಗಪಟ್ಟಣದ ಪಕ್ಕದ ಪಾಲಹಳ್ಳಿಯಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಶುರುವಾಗಿತ್ತು. ಸುತ್ತಲ ರೈತರ ಬೆಲ್ಲ ಕೊಂಡು ಸಕ್ಕರೆ ಮಾಡ್ತಿತ್ತು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಆ ಸಕ್ಕರೆಗೆ ಪದಕವೂ ಬಂತು. ಆದರೆ ನಿಜವಾದ ಬದಲಾವಣೆ ಕನ್ನಂಬಾಡಿ ಕಟ್ಟೆಯದು. 1930ರ ದಶಕದಲ್ಲಿ ನಾಲೆ ನೀರು ಹರಿದು ರಾಗಿ ಹೊಲಗಳೆಲ್ಲ ಕಬ್ಬಿನ ಗದ್ದೆಯಾದವು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ, ನಮ್ಮ ಬಾಯಲ್ಲಿ ಮೈಶುಗರ್, ಶುರುವಾಯ್ತು. ಕಬ್ಬು ಅರೆದು ಸಕ್ಕರೆ ತೆಗೆದ ಮೇಲೆ ಕೊನೆಗೆ ಉಳಿಯೋದು ಕಾಕಂಬಿ. ಕಪ್ಪಗೆ, ಅಂಟಂಟಾಗಿ, ಇಡೋಕೆ ಜಾಗ ಇಲ್ಲದ, ಚೆಲ್ಲಿದರೆ ನಾರುವ ವಸ್ತು. ಅದನ್ನು ಹುದುಗಿಸಿ ಬಟ್ಟಿ ಇಳಿಸಿದರೆ ಸ್ಪಿರಿಟ್. ಮೈಶುಗರ್‌ಗೂ ಡಿಸ್ಟಿಲರಿ ಬಂತು. ಕಾರ್ಖಾನೆಗೆ ಕಸದಿಂದ ರಸ, ಸರ್ಕಾರಕ್ಕೆ ಸುಂಕ.

ಹದಿನೆಂಟನೇ ಶತಮಾನದ ಲಂಡನ್ನಿನಲ್ಲೂ ಇದೇ ನಡೆದಿತ್ತು. ಧಾನ್ಯ ಹೆಚ್ಚಾಗಿ ಬೆಳೆದು ಬೆಲೆ ಬಿದ್ದಾಗ, ಪಾರ್ಲಿಮೆಂಟಿನಲ್ಲಿ ಕೂತಿದ್ದ ಜಮೀನುದಾರರಿಗೆ ಅದಕ್ಕೊಂದು ಗಿರಾಕಿ ಬೇಕಿತ್ತು. ಬಟ್ಟಿ ಇಳಿಸೋ ಕಸುಬನ್ನು ಸಡಿಲ ಬಿಟ್ಟರು. ಬಡವರ ಬೀದಿಗಳಲ್ಲಿ ಜಿನ್ ಬಿಯರಿಗಿಂತ ಅಗ್ಗವಾಯ್ತು. 1729ರಿಂದ ಕಾನೂನಿನ ಮೇಲೆ ಕಾನೂನು ತಂದರೂ 1751ರವರೆಗೆ ಹಿಡಿತಕ್ಕೆ ಬರಲಿಲ್ಲ. ಅದೇ ವರ್ಷ ವಿಲಿಯಂ ಹೋಗಾರ್ತ್ ಎರಡು ಚಿತ್ರ ಬರೆದ. ಜಿನ್ ಬೀದಿಯಲ್ಲಿ ತಾಯಿಯ ಕೈಯಿಂದ ಮಗು ಜಾರಿ ಬೀಳ್ತಿದೆ, ಬಿಯರ್ ಬೀದಿಯಲ್ಲಿ ಜನ ದುಂಡಗೆ ಗಟ್ಟಿಮುಟ್ಟಾಗಿದ್ದಾರೆ. ಅಂದರೆ ಇವತ್ತು ನಾವು ಹೊಗಳೋ ಯೂರೋಪಿನವರಿಗೂ ಒಂದು ಕಾಲದಲ್ಲಿ "ಕುಡಿಯೋಕೆ ಬರ್ತಿರಲಿಲ್ಲ".

ಸ್ವಾತಂತ್ರ್ಯ ಹೋರಾಟಕ್ಕೆ ಬರೋಣ. 1930ರ ಜನವರಿಯಲ್ಲಿ ಗಾಂಧಿ ಸರ್ಕಾರದ ಮುಂದಿಟ್ಟ 11 ಬೇಡಿಕೆಗಳಲ್ಲಿ ಮೊದಲನೆಯದೇ ಸಂಪೂರ್ಣ ಪಾನನಿರೋಧ. ಕುಡಿತದ ಸುಂಕದಿಂದ ಬದುಕೋ ಸರ್ಕಾರ ಪರಕೀಯ ಸರ್ಕಾರ ಅನ್ನೋದು ಆಗಿನ ನಂಬಿಕೆ. ಮೈಸೂರು ಸಂಸ್ಥಾನದಲ್ಲಿ ಈ ನಂಬಿಕೆ ಕೊಡಲಿ ಹಿಡಿಯಿತು. 1939ರಲ್ಲಿ ಚಿತ್ರದುರ್ಗದ ಹತ್ತಿರ ತುರುವನೂರಿನಲ್ಲಿ ಸತ್ಯಾಗ್ರಹಿಗಳು ಸರ್ಕಾರದ ಈಚಲು ಮರಗಳನ್ನು ಕಡಿದರು. ಮುಂದೆ ನಿಂತವರು ವಕೀಲ ಎಸ್. ನಿಜಲಿಂಗಪ್ಪ. ಅವರಿಗೆ ಜೈಲಾಯ್ತು. ಸ್ವಾತಂತ್ರ್ಯ ಬಂತು, ಸಂವಿಧಾನದ 47ನೇ ವಿಧಿಯಲ್ಲಿ ಪಾನನಿರೋಧ ಸರ್ಕಾರದ ಗುರಿ ಅಂತ ಬರೆದರು. ಮೈಸೂರಿನಲ್ಲಿ 1948ರಿಂದ ಹಂತಹಂತವಾಗಿ ಕೆಲವು ಜಿಲ್ಲೆಗಳಲ್ಲಿ ನಿಷೇಧ ಬಂತು, 1961ರಲ್ಲಿ ಕಾಯ್ದೆಯೂ ಆಯ್ತು.

ಆಮೇಲೆ 1967. ಖಜಾನೆಗೆ ದುಡ್ಡು ಸಾಲದು ಅಂತ ರಾಜ್ಯ ಸರ್ಕಾರ ಪಾನನಿರೋಧವನ್ನು ತೆಗೆದುಹಾಕಿತು. ಆಗ ಮುಖ್ಯಮಂತ್ರಿ ಯಾರು? ಅದೇ ನಿಜಲಿಂಗಪ್ಪ.

ಇದನ್ನು ಒಬ್ಬ ಮನುಷ್ಯನ ಬೂಟಾಟಿಕೆ ಅಂತ ನಗಬಹುದು. ನನಗೆ ಹಾಗನ್ನಿಸಲ್ಲ. ಕೊಡಲಿ ಹಿಡಿದವನ ಕೈಗೆ ಬಜೆಟ್ ಬಂದಾಗ ಏನಾಗುತ್ತೆ ಅನ್ನೋದಕ್ಕೆ ಇದು ಸಾಕ್ಷಿ. ರಷ್ಯಾದಲ್ಲಿ 1890ರ ದಶಕದಲ್ಲಿ ಹಣಕಾಸು ಮಂತ್ರಿ ವಿಟ್ಟೆ ವೋಡ್ಕಾ ಮಾರಾಟವನ್ನು ಸರ್ಕಾರದ ಏಕಸ್ವಾಮ್ಯ ಮಾಡಿದ. ಖಜಾನೆಯ ಕಾಲುಭಾಗಕ್ಕಿಂತ ಹೆಚ್ಚು ಅದರಿಂದಲೇ ಬರ್ತಿತ್ತು. 1914ರಲ್ಲಿ ಯುದ್ಧ ಶುರುವಾದಾಗ ತ್ಸಾರ್ ವೋಡ್ಕಾ ನಿಷೇಧಿಸಿ ಆ ಆದಾಯ ಕಳಕೊಂಡ. ಅವನನ್ನು ಇಳಿಸಿ ಬಂದ ಕ್ರಾಂತಿಕಾರಿಗಳು ಮೊದಲು ನಿಷೇಧ ಮುಂದುವರಿಸಿದರು. ಆದರೆ 1925ರ ಹೊತ್ತಿಗೆ ಅವರದೇ ಸರ್ಕಾರ 40 ಡಿಗ್ರಿ ವೋಡ್ಕಾ ಮಾರೋಕೆ ಶುರುಮಾಡಿತ್ತು.

ನಿಷೇಧ ಇದ್ದಾಗ ಕುಡಿತ ನಿಂತಿತ್ತಾ? ಬೆಲ್ಲದ ಸೀಮೆಯಲ್ಲಿ ನಿಲ್ಲೋದು ಕಷ್ಟ. ಬೆಲ್ಲ, ಬಿಳಿಜಾಲಿ ಚಕ್ಕೆ, ಒಂದು ಹಂಡೆ, ಊರಾಚೆ ಒಂದು ಮರೆ ಇದ್ದರೆ ಕಳ್ಳಭಟ್ಟಿ ರೆಡಿ. 1985ರಲ್ಲಿ ಗೋರ್ಬಚೆವ್ ಸೋವಿಯತ್ ಒಕ್ಕೂಟದಲ್ಲಿ ಕುಡಿತದ ವಿರುದ್ಧ ದೊಡ್ಡ ಆಂದೋಲನ ಶುರುಮಾಡಿದಾಗ ದ್ರಾಕ್ಷಿ ತೋಟಗಳನ್ನೇ ಕಿತ್ತರು. ಸ್ವಲ್ಪ ಕಾಲ ಸಾವುಗಳೂ ಕಡಿಮೆಯಾದವು, ಅದನ್ನು ಒಪ್ಪಲೇಬೇಕು. ಆದರೆ ಅಂಗಡಿಗಳಿಂದ ಸಕ್ಕರೆ ಮಾಯವಾಯ್ತು. ಜನ ಮನೆಯಲ್ಲೇ ಬಟ್ಟಿ ಇಳಿಸ್ತಿದ್ದರು. ಕೆಲವೇ ವರ್ಷದಲ್ಲಿ ಸರ್ಕಾರ ಹಿಂದೆ ಸರಿಯಿತು.

ನಮ್ಮಲ್ಲಿ 1967ರ ಬಳಿಕ ಸಾರಾಯಿ ಮತ್ತು ಹೆಂಡದ ಹರಾಜು ಮತ್ತೆ ಶುರುವಾಯ್ತು, ಗುತ್ತಿಗೆದಾರರು ರಾಜಕೀಯಕ್ಕೆ ದುಡ್ಡು ಹಾಕುವಷ್ಟು ಬೆಳೆದರು. ಕದ್ದು ಮಾರುವವರೂ ಬೆಳೆದರು. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ವಿಷದ ಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಸತ್ತವರೆಲ್ಲ ಬಡವರು, ಕೂಲಿಗಳು.

ಈಗ ನಮ್ಮ ಕಾಲ. 2000ದ ಸುಮಾರಿಗೆ ತೆಂಗಿಗೆ ನುಸಿ ರೋಗ ಬಿದ್ದು ಕಾಯಿ ಕೈಗೆ ಬರಲಿಲ್ಲ. ಸಿಹಿ ನೀರಾನಾದರೂ ಇಳಿಸಿ ಮಾರ್ತೀವಿ ಅಂತ ರೈತರು ಕೇಳಿದರು. ಆಗಿನ ಅಬಕಾರಿ ಕಾನೂನಿನಲ್ಲಿ ನೀರಾ ಇಳಿಸೋದೂ ಅಪರಾಧವಾಗಿತ್ತು. 2001ರ ಅಕ್ಟೋಬರಿನಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ಪೊಲೀಸರ ಗುಂಡಿಗೆ ಇಬ್ಬರು ರೈತರು ಬಲಿಯಾದರು. ರೈತಸಂಘ ಈ ಹಕ್ಕಿಗಾಗಿ ಬೀದಿಗಿಳಿಯಿತು. ಕ್ಯಾತನಹಳ್ಳಿಯವರೇ ಆದ ಕೆ.ಎಸ್. ಪುಟ್ಟಣ್ಣಯ್ಯನವರು ಆಗ ಆ ಸಂಘದ ದೊಡ್ಡ ದನಿಗಳಲ್ಲಿ ಒಬ್ಬರು. ಹಾಗಾಗಿ ನಮ್ಮೂರಲ್ಲಿ ನೀರಾ ಅನ್ನೋದು ಪಾನೀಯದ ಹೆಸರಷ್ಟೇ ಅಲ್ಲ, "ನನ್ನ ಮರದ ರಸಕ್ಕೆ ನಿನ್ನ ಅಪ್ಪಣೆ ಯಾಕೆ" ಅನ್ನೋ ಪ್ರಶ್ನೆಯ ಹೆಸರು.

ಉತ್ತರ ಬೇರೆ ಥರ ಬಂತು. 2004ರ ಹೊತ್ತಿಗೆ ಕರಾವಳಿ ಬಿಟ್ಟು ಉಳಿದ ಕಡೆ ಹೆಂಡ ನಿಷೇಧವಾಯ್ತು. ಹೆಂಡಕ್ಕೆ ಕ್ಲೋರಲ್ ಹೈಡ್ರೇಟ್ ಬೆರೆಸಿ ಮಾರ್ತಿದ್ದದ್ದು ನಿಜ, ಆ ಕಾರಣವನ್ನು ತಳ್ಳಿಹಾಕುವ ಹಾಗಿಲ್ಲ. 2007ರ ಜುಲೈ 1ರಿಂದ ಸಾರಾಯಿಯೂ ನಿಷೇಧ. ಹಳ್ಳಿಯ ಹೆಂಗಸರು ಸಂತೋಷಪಟ್ಟರು, ಪಡಬೇಕಾದ್ದೇ. ಆದರೆ ಪ್ಯಾಕೆಟ್ ಹೋದ ಜಾಗಕ್ಕೆ ಹಾಲು, ಮೊಸರು ಬರಲಿಲ್ಲ. ಮರುವರ್ಷ, 2008ರ ಮೇನಲ್ಲಿ, ಕರ್ನಾಟಕ-ತಮಿಳುನಾಡು ಗಡಿಯಲ್ಲಿ ಕಳ್ಳಸಾರಾಯಿಗೆ 150ಕ್ಕೂ ಹೆಚ್ಚು ಜನ ಸತ್ತರು. ಉಳಿದವರು ವೈನ್ ಶಾಪಿಗೆ ಬಂದರು. ಹೆಸರಿಗೆ ವೈನ್ ಶಾಪ್, ಸಿಗೋದು 90 ಎಂಎಲ್ ಟೆಟ್ರಾ ಪ್ಯಾಕಿನ ವಿಸ್ಕಿ, ರಮ್ಮು, ಬ್ರಾಂದಿ.

ಆ ವಿಸ್ಕಿ ಏನು? ಸ್ಕಾಟ್ಲೆಂಡಿನಲ್ಲಿ ವಿಸ್ಕಿ ಅಂದರೆ ಧಾನ್ಯದಿಂದ ಮಾಡಿ ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇಟ್ಟದ್ದು. ನಮ್ಮ ಅಗ್ಗದ ವಿಸ್ಕಿಯ ಬಹುಪಾಲು ಅದೇ ಕಾಕಂಬಿಯ ಸ್ಪಿರಿಟ್, ಬಣ್ಣ ಮತ್ತು ವಾಸನೆ ಸೇರಿಸಿದ್ದು. ಯೂರೋಪಿನಲ್ಲಿ ಅದನ್ನು ವಿಸ್ಕಿ ಅಂತ ಮಾರೋ ಹಾಗೇ ಇಲ್ಲ. ನಮಗೆ ಒಳ್ಳೇದು ಮಾಡೋಕೆ ಬರಲ್ಲ ಅಂತಲ್ಲ. 1948ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಅಮೃತ್ ಡಿಸ್ಟಿಲರಿ 2004ರಲ್ಲಿ ಬಾರ್ಲಿಯ ಸಿಂಗಲ್ ಮಾಲ್ಟನ್ನು ಗ್ಲಾಸ್ಗೋದಲ್ಲೇ ಬಿಡುಗಡೆ ಮಾಡಿ ಹೆಸರು ಮಾಡಿತು. ಅದು ನಮ್ಮ ನಿಮ್ಮಂಥವರ ಶೆಲ್ಫಿಗೆ. ಇಂದಿರಾನಗರದಲ್ಲಿ ಶುಕ್ರವಾರ ರಾತ್ರಿ ನಾವು 5 ಪರ್ಸೆಂಟಿನ ಕ್ರಾಫ್ಟ್ ಬಿಯರನ್ನು ಎರಡು ಗಂಟೆ ಕೂತು ಹೀರ್ತೀವಿ, ಜೊತೆಗೆ ಊಟ, ಹರಟೆ, ಮನೆಗೆ ಕ್ಯಾಬ್. ಊರಲ್ಲಿರೋ ನಮ್ಮ ಚಿಕ್ಕಪ್ಪನಿಗೆ 5 ಪರ್ಸೆಂಟಿನದು ಕಾನೂನುಬಾಹಿರ, 42.8 ಪರ್ಸೆಂಟಿನದು ಸರ್ಕಾರದ ಅಂಗಡಿಯಲ್ಲೇ ಲಭ್ಯ. ನಾವು ಚಿಕ್ಕವರಿದ್ದಾಗ ಲೇಖಕ್ ನೋಟ್‌ಬುಕ್ ಕೊಟ್ಟ ಎಂಎಸ್‌ಐಎಲ್ ಸಂಸ್ಥೆಯೇ ಇವತ್ತು ರಾಜ್ಯದ ತುಂಬ ಮದ್ಯದ ಮಳಿಗೆ ನಡೆಸುತ್ತೆ. 2023-24ರಲ್ಲಿ ರಾಜ್ಯದ ಅಬಕಾರಿ ಆದಾಯ 34 ಸಾವಿರ ಕೋಟಿ ರೂಪಾಯಿ ದಾಟಿದೆ.

ಬೇರೆ ದಾರಿ ಇರಲಿಲ್ಲವಾ? ಡೆನ್ಮಾರ್ಕ್ ನೋಡಿ. ಅಲ್ಲಿನವರೂ ಒಂದು ಕಾಲದಲ್ಲಿ ಆಕ್ವಾವಿಟ್ ಅನ್ನೋ ಗಟ್ಟಿ ಸರಕಿನ ಭಕ್ತರು. 1917ರಲ್ಲಿ ಯುದ್ಧಕಾಲದ ಆಹಾರದ ಅಭಾವ ಬಂದಾಗ ಸರ್ಕಾರ ಅದರ ಮೇಲಿನ ಸುಂಕವನ್ನು ಎಷ್ಟು ಏರಿಸಿತು ಅಂದರೆ ಲೀಟರಿಗೆ ಒಂದು ಕ್ರೋನಕ್ಕಿಂತ ಕಡಿಮೆ ಇದ್ದದ್ದು ಸುಮಾರು 11 ಕ್ರೋನ ಆಯ್ತು. ಬಿಯರ್ ಮೇಲೆ ಏರಿಕೆ ಬಹಳ ಕಡಿಮೆ. ಜನ ಬಿಯರಿಗೆ ಹೊರಳಿದರು. ಕುಡಿತದಿಂದ ಬುದ್ಧಿ ಕೆಟ್ಟು ಆಸ್ಪತ್ರೆ ಸೇರುವವರು, ಸಾಯುವವರು ಕೆಲವೇ ವರ್ಷದಲ್ಲಿ ಗಣನೀಯವಾಗಿ ಇಳಿದರು. ಡೇನರ ರಕ್ತ ಬದಲಾಗಲಿಲ್ಲ, ಬೆಲೆ ಬದಲಾಯ್ತು. ನಾವು ಮಾಡಿದ್ದು ಇದಕ್ಕೆ ತಿರುಗಾಮುರುಗಾ. ಕಡಿಮೆ ಖಾರದ್ದನ್ನು ಮೊದಲು ನಿಲ್ಲಿಸಿದೆವು, ಹೆಚ್ಚು ಖಾರದ್ದನ್ನು ಚಿಕ್ಕ ಪ್ಯಾಕಿನಲ್ಲಿ ಕೈಗೆಟುಕೋ ಹಾಗೆ ಇಟ್ಟೆವು.

ಹಾಗಂತ ಹೆಂಡ ವಾಪಸ್ ತಂದರೆ ಎಲ್ಲ ಸರಿಹೋಗುತ್ತೆ ಅಂತ ನಾನು ವಾದ ಮಾಡಲ್ಲ. ಆಲ್ಕೋಹಾಲ್‌ಗೆ ಸುರಕ್ಷಿತ ಪ್ರಮಾಣ ಅನ್ನೋದೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಈಚಲು ವನಗಳೂ ಉಳಿದಿಲ್ಲ, ಮರ ಹತ್ತುವ ಕೈಗಳೂ ಉಳಿದಿಲ್ಲ. ನನ್ನ ಮಾತು ಇಷ್ಟೇ. "ನಮ್ಮೋರಿಗೆ ಕುಡಿಯೋಕೆ ಬರಲ್ಲ" ಅಂತ ಬಡವನನ್ನು ಬೈಯುವ ಮುಂಚೆ, ಅವನ ಮುಂದೆ ಏನು ಉಳಿಸಿದ್ದೀವಿ ಅಂತ ನೋಡಬೇಕು.

ನೋಡಿರೋರು ಇದ್ದಾರೆ. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು, ಹೆಚ್ಚಿನವರು ರಾಯಚೂರಿನ ಕಡೆಯ ಹಳ್ಳಿಗಳವರು, ಮದ್ಯ ನಿಷೇಧಿಸಿ ಅಂತ ಬೆಂಗಳೂರಿಗೆ ನಡೆದುಕೊಂಡು ಬಂದರು. 200 ಕಿಲೋಮೀಟರಿಗೂ ಹೆಚ್ಚು ದೂರ. ಅವರು ಹೊರಟದ್ದು ಚಿತ್ರದುರ್ಗದಿಂದ, ಅಂದರೆ ತುರುವನೂರಿನ ಈಚಲು ಮರಗಳು ಉರುಳಿದ ನೆಲದಿಂದಲೇ, ಸರಿಯಾಗಿ 80 ವರ್ಷದ ನಂತರ. ಕೈಯಲ್ಲಿ ಕೊಡಲಿ ಇರಲಿಲ್ಲ. ಕಡಿಯೋಕೆ ಮರವೂ ಇರಲಿಲ್ಲ. ಅವರ ಎದುರಿಗಿದ್ದದ್ದು ಬಜೆಟ್ಟಿನ ಒಂದು ಸಾಲು.

ನಮ್ಮ ಕಡೆ ಮಹಾಲಯ ಅಮಾವಾಸ್ಯೆ ಹೊತ್ತಿಗೆ ಹಿರಿಯರಿಗೆ ಎಡೆ ಇಡ್ತೀವಿ. ಸತ್ತವರಿಗೆ ಬದುಕಿದ್ದಾಗ ಏನಿಷ್ಟವೋ ಅದನ್ನು ಇಡೋದು ಪದ್ಧತಿ: ಮಾಂಸದ ಸಾರು, ಮುದ್ದೆ, ಬೀಡಿ ಕಟ್ಟು, ಕುಡೀತಿದ್ದವರಿಗೆ ಕುಡಿಯೋದು. ಮುತ್ತಾತನಿಗೆ ಇಷ್ಟವಾದದ್ದು ಹೆಂಡ, ತಾತನಿಗೆ ಪ್ಯಾಕೆಟ್ ಸಾರಾಯಿ. ಎರಡೂ ಈಗ ಸಿಗಲ್ಲ. ಹಾಗಾಗಿ ಮೂರು ತಲೆಮಾರಿಗೂ ಒಂದೇ ಕ್ವಾರ್ಟರ್ ವಿಸ್ಕಿ. ಮುತ್ತಾತ ಅದರ ರುಚಿ ನೋಡೇ ಇರಲಿಲ್ಲ.